ಉಪ್ಪಿನ ತಿರುಪು

ಅದು ಧನುರ್ಮಾಸ. ಮಾರನೆಯ ಬೆಳಗಿನ ಹುಗ್ಗಿಗೆಂದು ನೆನೆಹಾಕಿದ್ದ ಅವರೆಕಾಳನ್ನು ಹಿಸುಕುತ್ತಾ ನಡುಮನೆಯಲ್ಲಿ ಕೂತಿದ್ದೆ. ಜಗುಲಿಯ ಮೇಲೆ ಚಪ್ಪಲಿ ಬಿಟ್ಟ ಸದ್ದಾಯಿತು. ನನ್ನ ಮೈದುನ ಶ್ರೀಪಾದು, ಟವಲು ಸುತ್ತಿದ ಒಂದು ಡಬ್ಬವನ್ನು ಎದೆಗವಚಿಕೊಂಡು ಒಳಗೆ ಬಂದ. ಟವಲು ನೋಡಿದ ತಕ್ಷಣ ನನಗೆ ಗೊತ್ತಾಯಿತು. ನಾನೇ ಸುತ್ತಿ ಕಳಿಸಿದ್ದ ಟವಲು ಅದು.

"ಅತ್ತಿಗೆ, ಮಳವಳ್ಳಿಯಿಂದ ಮತ್ತೆ ವಾಪಸ್ ಬಂತು."

"ಕೆಟ್ಟುಹೋಯಿತೇನೋ?"

"ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತು. ಹೋದ ಸಲ ಹೆಣ ಕೂಗಿದ ಹಾಗಿದೆ ಅಂದಿದ್ದರು. ಈ ಸಲ ಮೇಕೆ ಅರಚಿದ ಹಾಗಿದೆಯಂತೆ. ನಾಳೆ ಬೆಳಗಿನ ಪೂಜೆಯಿಂದ ದೇವಸ್ಥಾನಕ್ಕೆ ಮೈಕು ಕಟ್ಟಿಸಿ ಗ್ರಾಮಫೋನ್ ಪ್ಲೇಟು ಹಾಕ್ತಾರಂತೆ. ಅಲ್ಲಿ ಓಲಗ ಊದೋ ನಿಂಗಯ್ಯ ನಾಗಸ್ವರ ಅಟ್ಟಕ್ಕೆ ಇಡ್ತೀನಿ ಅಂದರಂತೆ."

ಒಬ್ಬ ಮನುಷ್ಯ ಬಾಲ್ಯದಿಂದ ದೇವರ ಮುಂದೆ ಊದಿಕೊಂಡು ಬಂದ ವಾದ್ಯ, ನಾವು ಮಾಡಿಕೊಟ್ಟ ಡಬ್ಬ ಸರಿಯಿಲ್ಲದ್ದಕ್ಕೆ ಅಟ್ಟ ಸೇರಬೇಕೇ?

ಈ ಸಂಗತಿ ಬರೆಯಲು ಕಾರಣವಿದೆ. ಶಬ್ದದ ಕೆಲಸ ಕಲಿಯುವ ಮಕ್ಕಳು ಆಗಾಗ ನಮ್ಮ ಮನೆಗೆ ಬರುತ್ತಾರೆ. ಮೊನ್ನೆ ಒಬ್ಬಳು ಹುಡುಗಿ, "ಅಜ್ಜಿ, ಆ ಕಾಲದಲ್ಲಿ ಮೀಟರು ಪಾಟರು ಏನೂ ಇಲ್ಲದೆ ಮಾಡ್ಯುಲೇಷನ್ ಹೇಗೆ ಇಡ್ತಿದ್ರಿ?" ಅಂತ ಕೇಳಿದಳು. ಬಾಯಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ಪದವಿ ಅಂತೆಲ್ಲಾ ಹೇಳಿಕೊಳ್ಳಲು ನನಗೇನೂ ಇಲ್ಲ. ಮಂಡ್ಯದ ನಮ್ಮ ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಅದರ ಯಜಮಾನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ನನ್ನ ಮೈದುನ. ಕೆಲಸದವಳು ನಾನೊಬ್ಬಳು. ಅಡಿಗೆಮನೆಯಿಂದ ಆ ಕೋಣೆಗೆ ಹೋದದ್ದೇ ನನ್ನ ಬಡ್ತಿ, ಸಂಜೆ ಅಲ್ಲಿಂದ ಅಡಿಗೆಮನೆಗೆ ಬಂದದ್ದೇ ನಿವೃತ್ತಿ. ಈಗ ಕೈಗೆ ನಡುಕ ಬಂದಿದೆ. ಯಾರೋ ಅಲೆಡಬ್ಬದ ತಂತಿ ತಂದು ನನ್ನ ಮೊಣಕೈಗೇ ಸಿಕ್ಕಿಸಿದ ಹಾಗೆ. ಆದ್ದರಿಂದ ತಿರುಪು ಮುಟ್ಟುವುದನ್ನು ಬಿಟ್ಟೆ. ಕಿವಿ ಮಾತ್ರ ಇನ್ನೂ ಕೇಳುತ್ತದೆ. ಅದು ದೇವರು ಉಳಿಸಿಕೊಟ್ಟದ್ದು.

ಅಲೆಡಬ್ಬ ಎಂದರೇನು ಅಂತ ಮೊದಲು ಹೇಳಬೇಕು. ಶ್ರೀಪಾದು ಮಾಡುತ್ತಿದ್ದದ್ದು ಸ್ವರ ಹೊರಡಿಸುವ ಯಂತ್ರ. ಈಗಿನ ಹಾಗೆ ಎಲ್ಲಾ ಒಂದರಲ್ಲೇ ಅಡಕವಾಗಿರಲಿಲ್ಲ, ಬಿಡಿ ಬಿಡಿ ಡಬ್ಬಗಳು. ಒಂದು ಡಬ್ಬ ಸ್ವರ ಹೊರಡಿಸುತ್ತದೆ. ಇನ್ನೊಂದು ತಾನು ಸದ್ದೇ ಮಾಡುವುದಿಲ್ಲ, ಸುಮ್ಮನೆ ಒಳಗೊಳಗೇ ನಿಧಾನವಾಗಿ ಏಳುತ್ತದೆ, ಬೀಳುತ್ತದೆ, ಕೆರೆಯ ನೀರಿನ ಹಾಗೆ. ಅದಕ್ಕೆ ನಾನು ಅಲೆಡಬ್ಬ ಅಂತ ಹೆಸರಿಟ್ಟೆ. ಅಲೆಡಬ್ಬದಿಂದ ಸ್ವರದ ಡಬ್ಬಕ್ಕೆ ತಂತಿ ಸಿಕ್ಕಿಸಿದರೆ ಸ್ವರ ಅಲುಗಾಡುತ್ತದೆ. ಎರಡರ ನಡುವೆ, ರೇಡಿಯೋಗೆ ಇರುವಂಥ ಒಂದು ತಿರುಪು. ಆ ಅಲೆಯಲ್ಲಿ ಎಷ್ಟನ್ನು ಆಚೆ ಬಿಡಬೇಕು, ಎಷ್ಟನ್ನು ತಡೆಯಬೇಕು ಎಂಬುದು ಅದರ ಕೆಲಸ. ಶ್ರೀಪಾದು ಅದಕ್ಕೆ ಮಾಡ್ಯುಲೇಷನ್ ಲೆವೆಲ್ ಅನ್ನುತ್ತಿದ್ದ.

ನಾನು ಆ ಕೆಲಸಕ್ಕೆ ಸೇರಿದ್ದು ಹೀಗೆ. ಒಂದು ದಿನ ಅಡಿಗೆ ಮಾಡುತ್ತಿದ್ದೆ. ಹಿಂದಿನ ಕೋಣೆಯಿಂದ ಊಂಯ್ ಊಂಯ್ ಎಂದು ಸದ್ದು. ತಡೆಯಲಾರದೆ ಕೂಗಿದೆ: "ಉಪ್ಪು ಜಾಸ್ತಿಯಾಯ್ತು ಕಣೋ!"

ಅವನು ಓಡಿ ಬಂದ. "ಯಾವುದಕ್ಕೆ ಅತ್ತಿಗೆ? ಸಾರಿಗಾ?"

"ನಿನ್ನ ಸದ್ದಿಗೆ."

ಅವನು ನಗಲಿಲ್ಲ. ಕೋಣೆಗೆ ಕರೆದುಕೊಂಡು ಹೋಗಿ ನನ್ನ ಕೈಯನ್ನು ಆ ತಿರುಪಿನ ಮೇಲಿಟ್ಟ. "ನೀವೇ ಹಾಕಿ, ಎಷ್ಟು ಬೇಕೋ ಅಷ್ಟು." ಅಂದಿನಿಂದ ಅದು ಉಪ್ಪಿನ ತಿರುಪು.

ನಮ್ಮ ಮನೆಯಲ್ಲಿ ನೈವೇದ್ಯಕ್ಕೆ ಮುಂಚೆ ಅಡಿಗೆಯ ರುಚಿ ನೋಡುವ ಹಾಗಿಲ್ಲ. ನೋಡಿದರೆ ಎಂಜಲು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅಳುವೇ ಬರುತ್ತಿತ್ತು. ನಾಲಿಗೆಗೆ ಇಡದೆ ಉಪ್ಪು ಹಾಕುವುದು ಹೇಗೆ? ಅತ್ತೆಯವರು, "ಕುದಿಯೋ ಸದ್ದು ಕೇಳು, ವಾಸನೆ ನೋಡು, ಕೈ ತಾನೇ ನಿಲ್ಲತ್ತೆ" ಅನ್ನುತ್ತಿದ್ದರು. ವರುಷಗಟ್ಟಲೆ ಹಾಗೆ ಹಾಕಿ ಹಾಕಿ ಕೈ ನಿಲ್ಲುವುದನ್ನು ಕಲಿಯಿತು. ತಿರುಪಿನ ಕೆಲಸಕ್ಕೆ ನನ್ನ ಓದು ಅಂತಿದ್ದರೆ ಅದಿಷ್ಟೇ.

ಮೊದಮೊದಲು ನಮ್ಮ ಡಬ್ಬಗಳು ಹೋದದ್ದು ಮದ್ದೂರಿಗೆ. ಗೆಜ್ಜಲಗೆರೆಯ ಕಾರ್ಖಾನೆಗಳಲ್ಲಿ ದುಡಿಯುವವರೆಲ್ಲಾ ಸೇರಿ ಒಂದು ನಾಟಕ ಕಟ್ಟಿದ್ದರು. ಅದರಲ್ಲಿ ದೇವರು ಆಕಾಶದಿಂದ ಇಳಿದು ಬರುವಾಗ ಒಂದು ಸದ್ದು ಬೇಕಂತೆ. ಭಾನುವಾರ ಮಧ್ಯಾಹ್ನ ಸ್ಕೂಲಿನ ಹಾಲಿನಲ್ಲಿ ತಾಲೀಮು. ನಾನು ಮನೆಯಲ್ಲೇ ಹದ ಮಾಡಿಕೊಂಡು ಹೋಗಿದ್ದೆ. ಆದರೆ ಡಬ್ಬ ಎತ್ತಿ ಮೇಜಿನ ಮೇಲೆ ಇಡುವಾಗ ಶ್ರೀಪಾದುವಿನ ಅಂಗಿಯ ತೋಳು ತಿರುಪಿಗೆ ಸಿಕ್ಕಿ ಅದು ಪೂರಾ ತಿರುಗಿಬಿಟ್ಟಿತ್ತು. ಅವನು ನೋಡಲಿಲ್ಲ. ದೇವರ ವೇಷದವನು ಮೆಟ್ಟಿಲ ಮೇಲೆ ಕೈಯೆತ್ತಿ ನಿಂತ. ಇವನು ಸ್ವಿಚ್ಚು ಒತ್ತಿದ. ವ್ರೂಂ... ವ್ರೂಂ... ಅಂತ ಹಾಲೆಲ್ಲಾ ನಡುಗಿತು.

ಹಿಂದೆ ಕೂತಿದ್ದವನೊಬ್ಬ ಕೂಗಿದ: "ಇದೇನ್ ಮೇಷ್ಟ್ರೆ, ದ್ಯಾವ್ರು ಇಳೀತಾವ್ನೋ, ಕಬ್ಬಿನ್ ಲಾರಿ ದಿಬ್ಬ ಅತ್ತಾ ಅದೋ?"

ಇನ್ನೊಬ್ಬ: "ಫಸ್ಟ್ ಗೇರ್ ಆಕ್ಲಾ ದ್ಯಾವ್ರೇ, ಇಂದಕ್ ಬಂದ್ಬುಡ್ತೀಯ!"

ದೇವರೇ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ಸೆರಗು ಬಾಯಿಗಿಟ್ಟುಕೊಳ್ಳಬೇಕಾಯಿತು. ಮಕ್ಕಳೇ, ಡಬ್ಬ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದರೆ ತಿರುಪನ್ನು ಪೂರ್ತಿ ಕೆಳಗಿಳಿಸಿ ಮತ್ತೆ ಮೊದಲಿನಿಂದ ಏರಿಸಿ. ಇದ್ದಲ್ಲೇ ಇದೆ ಅಂತ ನಂಬಬೇಡಿ. ಈ ಬುದ್ಧಿ ಬಂದದ್ದು ಆ ಕಬ್ಬಿನ ಲಾರಿಯಿಂದ.

ದುದ್ದದ ಕಡೆಯ ಒಬ್ಬ ಗೌಡರು ಜೋಳದ ಹೊಲಕ್ಕೆ ಗಿಣಿ ಓಡಿಸುವ ಡಬ್ಬ ಕೇಳಿಕೊಂಡು ಬಂದರು. ಸಂಗೀತದ ಯಂತ್ರವನ್ನು ಹೊಲಕ್ಕೆ ಇಡುವುದೇ ಅಂತ ಶ್ರೀಪಾದುವಿಗೆ ಬೇಜಾರು. ನಾನೇ ಕೊಡು ಅಂದೆ. ಚೆನ್ನಾಗಿ ಅಲುಗಾಡುವ ಹಾಗೆ ಇಟ್ಟು ಕಳಿಸಿದೆ. ವಾರ ತುಂಬುವುದರೊಳಗೆ ಗೌಡರು ಬಂದು ಜಗುಲಿಯಲ್ಲಿ ಕೂತರು.

"ಎದುರ್ಕಂಡು ಓದೋ ಕಣಮ್ಮ, ಇಲ್ಲ ಅನ್ನಾಕಿಲ್ಲ. ಎರ್ಡೊತ್ತು. ಈಗ ನಿಮ್ ಡಬ್ಬದ ತಾಳಕ್ಕೆ ತಲೆ ಆಡುಸ್ಕಂಡು ತಿಂತಾವೆ."

ನಗು ಬಂದರೂ ಅದರಲ್ಲೊಂದು ಪಾಠವಿತ್ತು. ಒಂದೇ ಸಮನಾಗಿ ಅಲುಗಾಡುವುದು ಗಿಣಿಗೂ ಗೊತ್ತಾಗುತ್ತದೆ, ಇದು ಜೀವವಲ್ಲ ಅಂತ. ಆಮೇಲೆ ಶ್ರೀಪಾದು ಎರಡು ಅಲೆಡಬ್ಬ ಇಟ್ಟ. ಒಂದು ನಿಧಾನ, ಇನ್ನೊಂದು ಅದಕ್ಕಿಂತ ಚೂರು ಚುರುಕು. ಎರಡಕ್ಕೂ ಬೇರೆ ಬೇರೆ ಉಪ್ಪಿನ ತಿರುಪು. ಎರಡು ಅಲೆ ಸೇರಿದ ಮೇಲೆ ಯಾವಾಗ ಏಳುತ್ತದೆ, ಯಾವಾಗ ಬೀಳುತ್ತದೆ ಅಂತ ಎಣಿಸಲು ಆಗುವುದಿಲ್ಲ. ಗಿಣಿಗಳು ಹೋದವು. ಗೌಡರು ಜೋಳದ ತೆನೆ ತಂದುಕೊಟ್ಟರು. ಸುಟ್ಟು ತಿಂದೆವು.

ಅತ್ತೆಯವರ ಆಯುಧಪೂಜೆಯನ್ನೂ ಹೇಳಿಬಿಡಬೇಕು. ಶ್ರೀಪಾದು ಪ್ರತಿ ತಿರುಪಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಯಾವ ಡಬ್ಬಕ್ಕೆ ಎಲ್ಲಿ ನಿಲ್ಲಿಸಬೇಕು ಅಂತ ಗುರುತು ಮಾಡಿಟ್ಟಿದ್ದ. ಹಬ್ಬದ ಬೆಳಿಗ್ಗೆ ನಾವೇಳುವುದಕ್ಕೆ ಮುಂಚೆ ಅತ್ತೆಯವರು ಸ್ನಾನ ಮಾಡಿ ಕೋಣೆಗೆ ಹೋಗಿ, ಒದ್ದೆ ಬಟ್ಟೆಯಲ್ಲಿ ಡಬ್ಬಗಳನ್ನೆಲ್ಲಾ ಒರೆಸಿ, ಒಂದೊಂದು ತಿರುಪಿಗೂ ಕಲಸಿದ ಅರಿಸಿನ ಹಚ್ಚಿ, ಕುಂಕುಮ ಇಟ್ಟು, ಅಕ್ಷತೆ ಹಾಕಿ, ಬೂದುಗುಂಬಳಕಾಯಿಯನ್ನೂ ತಂದಿಟ್ಟಿದ್ದರು. ಗೆರೆ ಒಂದೂ ಇರಲಿಲ್ಲ. ಅರಿಸಿನದ ನೀರು ಒಳಗಿಳಿದು, ತಿರುಪು ಮುಟ್ಟಿದರೆ ಹಪ್ಪಳ ಮುರಿದ ಹಾಗೆ ಕರಕರ ಸದ್ದು.

"ಅಮ್ಮಾ!" ಅಂದ ಶ್ರೀಪಾದು.

"ಯಾಕೋ? ಅನ್ನ ಕೊಡೋ ವಸ್ತುಗೆ ವರ್ಷಕ್ಕೊಂದು ದಿನ ಕುಂಕುಮ ಬೇಡ್ವಾ? ನಿನ್ನ ಸೈಕಲ್ಲಿಗೆ ಇಟ್ಟೆ, ಅದೇನೂ ಕರಕರ ಅನ್ನಲಿಲ್ಲ."

ಅವನು ಹತ್ತಿ, ಸ್ಪಿರಿಟ್ ಹಿಡಿದು ಕೂತ. ಗೆರೆಗಳು ಹೋದದ್ದು ಒಳ್ಳೆಯದೇ ಆಯಿತು. ಗೆರೆ ನೋಡಿ ತಿರುಗಿಸುವುದು ಅಂದಿಗೆ ನಿಂತು, ಕೇಳಿ ತಿರುಗಿಸುವುದು ಶುರುವಾಯಿತು. ಹದ ಸಿಕ್ಕಿದ ಮೇಲೆ ಅಲ್ಲಾಡದ ಹಾಗೆ ತಿರುಪಿನ ಬುಡಕ್ಕೆ ಒಂದು ಹನಿ ಅರಗು ಕಾಯಿಸಿ ಬಿಡುತ್ತಿದ್ದೆ. ಮುಂದಿನ ವರ್ಷದಿಂದ ಅತ್ತೆಯವರು ಕುಂಕುಮವನ್ನು ಡಬ್ಬದ ಬೆನ್ನಿಗೆ ಇಟ್ಟರು. ಇಬ್ಬರಿಗೂ ಸಮಾಧಾನ.

ಇನ್ನು ಮಳವಳ್ಳಿಯ ಮಾತು.

ಅಲ್ಲಿನ ಒಂದು ದೇವಸ್ಥಾನದಲ್ಲಿ ನಿಂಗಯ್ಯ ಮತ್ತು ಅವರ ತಮ್ಮ ಮರಿಯಪ್ಪ ಓಲಗ ಊದುತ್ತಿದ್ದರು. ನಿಂಗಯ್ಯನವರದು ನಾಗಸ್ವರ, ಮರಿಯಪ್ಪನವರದು ಒತ್ತು. ಒತ್ತು ಅಂದರೆ ಪಕ್ಕದಲ್ಲಿ ಕೂತು ಒಂದೇ ಸ್ವರವನ್ನು ಕಡಿಯದೆ ಊದುವುದು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಬಿಡುತ್ತಲೇ ಮೂಗಿನಲ್ಲಿ ಹೊಸ ಉಸಿರು ಎಳೆದುಕೊಳ್ಳುತ್ತಾರೆ. ಮರಿಯಪ್ಪ ಆ ವರ್ಷ ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಒತ್ತು ಹಿಡಿಯಲು ಬೇರೆ ಯಾರೂ ಸಿಗಲಿಲ್ಲ. ಒತ್ತಿಲ್ಲದೆ ನಿಂಗಯ್ಯನವರಿಗೆ ಊದಲಾಗಲಿಲ್ಲ. ಧನುರ್ಮಾಸ ಶುರುವಾಗಿತ್ತು. ದಿನಾ ಬೆಳಗಿನ ಜಾವ ಪೂಜೆ, ಓಲಗವಿಲ್ಲ. ಧರ್ಮದರ್ಶಿಗಳು ಯಾರ ಬಾಯಲ್ಲೋ ನಮ್ಮ ವಿಷಯ ಕೇಳಿ ಹೇಳಿಕಳಿಸಿದರು. ನಾವು ಟಾರ್ಚಿನ ಸೆಲ್ಲಿನಲ್ಲಿ ನಡೆಯುವ ಒತ್ತಿನ ಡಬ್ಬ ಮಾಡಿಕೊಟ್ಟೆವು. ಮೊದಲು ನೆಟ್ಟಗಿನ ಸ್ವರ ಕೊಟ್ಟೆವು, ಹೆಣ ಅಂದರು. ಗಿಣಿಯ ಡಬ್ಬ ನೆನಪಾಗಿ ಎರಡು ಅಲೆಯನ್ನೂ ಒಂದೇ ತಿರುಪಿಗೆ ಸೇರಿಸಿ ಕೊಟ್ಟೆವು, ಮೇಕೆ ಅಂದರು.

ಅವರೆಕಾಳಿನ ಪಾತ್ರೆಗೆ ತಟ್ಟೆ ಮುಚ್ಚಿ ಎದ್ದೆ. "ನಡಿ, ನಾನೂ ಬರ್ತೀನಿ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತೆ. ಅದೂ ಒಂದು ಕೃಪೆ, ನಿಂತು ಹೋಗಿದ್ದರೆ ತಂತಿಗಳೆಲ್ಲಾ ಕಿತ್ತುಬರುತ್ತಿದ್ದವು.

ನಿಂಗಯ್ಯನವರ ಮನೆಯ ಜಗುಲಿಯಲ್ಲಿ ಚಾಪೆ ಹಾಸಿದರು. ಮರಿಯಪ್ಪನವರ ಹೆಂಡತಿ ತಾಯಮ್ಮ ಬೆಲ್ಲ ನೀರು ತಂದು ಮುಂದಿಟ್ಟು, ಕುಡಿಯುತ್ತಾರೋ ಇಲ್ಲವೋ ಅಂತ ಅನುಮಾನದಲ್ಲಿ ನಿಂತರು. ಬಿಸಿಲಲ್ಲಿ ಬಂದಿದ್ದೆ, ಕುಡಿದೆ. ಅವರು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ಕೂತರು.

ಡಬ್ಬ ಹಚ್ಚಿದೆವು. ಹಳೆಯ ಅರಗು ಕಿತ್ತು ತಿರುಪು ಕಮ್ಮಿ ಮಾಡಿದೆ. "ಮೇಕೆ" ಅಂದರು ನಿಂಗಯ್ಯ. ಇನ್ನೂ ಕಮ್ಮಿ ಮಾಡಿದೆ. "ಮೇಕೆ ಮರಿ" ಅಂದರು. ಪೂರ್ತಿ ಇಳಿಸಿದೆ. ಅವರು ಮುಖ ಆ ಕಡೆ ತಿರುಗಿಸಿಕೊಂಡರು.

"ಬುಡಿ ಮೇಷ್ಟ್ರೆ. ನೀವೇನೋ ಒಳ್ಳೇದುಕ್ಕೆ ಮಾಡಿದ್ರಿ. ನಮ್ ಮರಿಯಪ್ಪ ಮಗ್ಗುಲಾಗೆ ಕುಂತಿದ್ರೆ ನಂಗೆ ಬೆನ್ಗೆ ಗೋಡೆ ಇದ್ದಂಗಿತ್ತು. ಈ ಮೇಕೆ ಕಟ್ಕಂಡು ನಾನು ದ್ಯಾವ್ರ ಮುಂದೆ ಎಂಗೆ ಊದ್ಲಿ? ಪ್ಲೇಟೇ ಆಕ್ಕಳ್ಳಿ."

ಆಗ ಬಾಗಿಲ ಮರೆಯಿಂದ ತಾಯಮ್ಮನ ದನಿ: "ಅಲ್ಲ, ಸ್ವರ ಯಾಕೆ ಅಲ್ಲಾಡ್ತದೆ ಅಂತೀನಿ?"

ಎಲ್ಲರೂ ತಿರುಗಿ ನೋಡಿದೆವು. ಸಂಕೋಚದಿಂದಲೇ ಹೊಸ್ತಿಲಿಗೆ ಬಂದರು.

"ಅವ್ರು ದಿನಾ ಸಂಜೆ ಇಲ್ಲೇ ಕುಂತು ಸಾಧನೆ ಮಾಡೋರು. ನಾನು ಅಲ್ಲಿ ಒಲೆ ಮುಂದೆ. ಸ್ವರ ಮಿಸುಕ್ತಿರ್ನಿಲ್ಲ ಕಣಮ್ಮ, ಕಂಬ ನೆಟ್ಟಂಗೆ."

"ಮತ್ತೆ ಏನು ಆಡ್ತಿತ್ತು ತಾಯಮ್ಮ?" ಅಂದೆ.

ಅವರು ತಮ್ಮ ಪಕ್ಕೆಯ ಮೇಲೆ ಕೈಯಿಟ್ಟುಕೊಂಡರು. "ಇದು. ಉಸ್ರು ಎಳ್ಕಳೋವಾಗ ಸದ್ದು ಚೂರು ಒಳಿಕ್ಕೋಗದು, ಆಮೇಲೆ ತುಂಬ್ಕಂಡು ಬರದು. ಸ್ವರ ಅಲ್ಲೇ. ಸದ್ದು ಮಾತ್ರ."

ಶ್ರೀಪಾದು ಹಣೆ ಚಚ್ಚಿಕೊಂಡ. "ಅತ್ತಿಗೆ, ತಂತಿ ಬೇರೆ ತೂತಿಗೆ ಹೋಗಬೇಕಿತ್ತು!"

ನಾವಿಬ್ಬರೂ ಇಷ್ಟು ದಿನ ಅಲೆಯನ್ನು ಸ್ವರಕ್ಕೇ ಕೊಟ್ಟು ಸ್ವರವನ್ನೇ ಮೇಲೆ ಕೆಳಗೆ ಎಳೆದಾಡಿದ್ದೆವು. ಅದು ಸದ್ದಿನ ಜೋರಿಗೆ ಹೋಗಬೇಕಾಗಿತ್ತು. ಅವನು ತಂತಿ ಕಿತ್ತು ಸದ್ದಿನ ತೂತಿಗೆ ಸಿಕ್ಕಿಸಿದ. ನಾನು ಕಣ್ಣು ಮುಚ್ಚಿ, ದೇವರನ್ನು ನೆನೆದು, ಎಂದಿನಂತೆ ಕೈ ನಿಲ್ಲುವವರೆಗೆ ತಿರುಪು ತಿರುಗಿಸಿದೆ.

ನಿಂಗಯ್ಯ ಈ ಕಡೆ ತಿರುಗಿದರು. ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿದರು. "ಊಂ. ಯಾರೋ ಊದ್ತಾವ್ರೆ." ಮತ್ತೆ ಕಿವಿಗೊಟ್ಟು, "ಆದ್ರೆ ನಮ್ ಮರಿ ಅಲ್ಲ."

ನಾನು ತಿರುಪಿನಿಂದ ಕೈ ತೆಗೆದೆ. ರುಚಿ ನೋಡದೆ ಉಪ್ಪು ಹಾಕುವುದು ನನ್ನ ವಿದ್ಯೆ. ಆದರೆ ಇದರ ರುಚಿಯನ್ನು ದಿನಾ ಕಂಡವರು ಎದುರಿಗೇ ಇದ್ದಾರಲ್ಲ.

"ನೀವೇ ಬನ್ನಿ ತಾಯಮ್ಮ. ನೀವೇ ತಿರುಗಿಸಿ."

"ಅಯ್ಯೋ, ಕರೆಂಟ್ ಒಡಿಯಾಕಿಲ್ವಾ?"

"ಟಾರ್ಚಿನ ಸೆಲ್ಲು ಕಣಮ್ಮ. ಏನೂ ಆಗಲ್ಲ."

ಸೆರಗಿಗೆ ಕೈ ಒರೆಸಿಕೊಂಡು ಕುಕ್ಕರಗಾಲಲ್ಲಿ ಕೂತು ತಿರುಪು ಹಿಡಿದರು. ಗಾಬರಿಯಲ್ಲಿ ಜಾಸ್ತಿಯೇ ತಿರುಗಿತು. ಸದ್ದು ಏದುಸಿರು ಬಿಟ್ಟ ಹಾಗಾಯಿತು.

"ಇದು ಮರಿ ಜ್ವರದಾಗೆ ಊದಿದ್ದು" ಅಂದರು ನಿಂಗಯ್ಯ.

"ಸುಮ್ಕಿರಿ ಬಾವ." ಒಂದಿಷ್ಟು ಹಿಂದಕ್ಕೆ. ಇನ್ನೊಂದಿಷ್ಟು. ತಾಯಮ್ಮನ ಕಣ್ಣು ಒಲೆಯ ಕಡೆಗಿತ್ತು, ಅಲ್ಲಿ ಕೂತೇ ಕೇಳುವವರ ಹಾಗೆ. ಮತ್ತೆ ಕೂದಲೆಳೆಯಷ್ಟು. ಆಮೇಲೆ ಕೈ ನಿಂತಿತು.

ಜಗುಲಿಯ ಮೇಲೆ ಒಬ್ಬರು ಕೂತು ಉಸಿರಾಡುತ್ತಿದ್ದ ಹಾಗಿತ್ತು. ನಾನು ಆ ಮನುಷ್ಯನನ್ನು ಒಂದು ದಿನವೂ ಕಂಡವಳಲ್ಲ. ಆದರೂ ಸೆರಗು ಸರಿಮಾಡಿಕೊಂಡೆ.

ನಿಂಗಯ್ಯ ಒಳಗೆ ಹೋಗಿ ನಾಗಸ್ವರದ ಚೀಲ ತಂದರು. ಬಾಯಿಗಿಡುವ ಪೀಪಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು ಸಿಕ್ಕಿಸಿ, ಡಬ್ಬದ ಬಲಕ್ಕೆ ಕೂತು ಶುರುಮಾಡಿದರು.

ಶ್ರೀಪಾದು ಮೆಲ್ಲಗೆ ನನ್ನ ಕಡೆ ಅರಗಿನ ಕಡ್ಡಿ ನೀಡಿದ. ನಾನು ತಾಯಮ್ಮನಿಗೆ, ತಿರುಪು ಅಲ್ಲಾಡದ ಹಾಗೆ ಇದನ್ನು ಬಿಡಬೇಕು ಅಂತ ಹೇಳಿದೆ.

"ಒಂದ್ ಗಳಿಗೆ ತಡೀರಮ್ಮ" ಅಂದರು. ತಿರುಪಿನ ಮೇಲಿದ್ದ ಬೆರಳು ತೆಗೆಯಲಿಲ್ಲ. ನಿಂಗಯ್ಯ ಒಂದು ಸುತ್ತು ಊದಿ ಮುಗಿಸುವವರೆಗೂ ಹಾಗೇ ಕೂತಿದ್ದರು. ಆಮೇಲೆ ಬೆರಳು ತೆಗೆದು, "ಇಷ್ಟೇ ಕಣಮ್ಮ. ಆಕ್ಬುಡಿ" ಅಂದರು. ಅವರ ಒಲೆಯ ಕೆಂಡದಲ್ಲೇ ಅರಗು ಕಾಯಿಸಿ ಒಂದು ಹನಿ ಬಿಟ್ಟೆ.

ಸಂಜೆಯ ಮಂಗಳಾರತಿಗೆ ದೇವಸ್ಥಾನಕ್ಕೆ ಹೋದಾಗ ಮೈಕಿನವನು ಏಣಿ ಹಾಕಿ ಕಂಬಕ್ಕೆ ಹಾರ್ನು ಕಟ್ಟುತ್ತಿದ್ದ. ಧರ್ಮದರ್ಶಿಗಳು ಕೆಳಗೆ ನಿಂತು, ಎತ್ತರಕ್ಕೆ ಕಟ್ಟು ಅಂತ ಹೇಳುತ್ತಿದ್ದರು. ನಿಂಗಯ್ಯ ಯಾರನ್ನೂ ಕೇಳದೆ ತಮ್ಮ ಜಾಗದಲ್ಲಿ ಕೂತರು. ಪಕ್ಕದಲ್ಲಿ ಡಬ್ಬ ಇಟ್ಟು ಟವಲು ಮುಚ್ಚಿದೆ. ಒತ್ತು ಎದ್ದಿತು, ಅದರ ಮೇಲೆ ನಾಗಸ್ವರ ಎದ್ದಿತು. ಒಳಗೆ ಗಂಟೆ ಬಾರಿಸುತ್ತಿದ್ದರು. ನಾನು ಕೈ ಮುಗಿದೆ. ಏನು ಬೇಡಿಕೊಳ್ಳಬೇಕೆಂದು ತೋಚಲಿಲ್ಲ.

ಆರತಿ ಮುಗಿದ ಮೇಲೆ ಧರ್ಮದರ್ಶಿಗಳು ಹತ್ತಿರ ಬಂದರು. "ಒತ್ತಿಗೆ ಯಾರ್ ಸಿಕ್ದ ನಿಂಗಯ್ಯ? ಎಲ್ ಕುಂತವ್ನೆ?"

ನಿಂಗಯ್ಯ ಟವಲು ಎತ್ತಿ ತೋರಿಸಿದರು. ಅವರು ಡಬ್ಬವನ್ನೊಮ್ಮೆ ನೋಡಿ, ನಿಂಗಯ್ಯನವರ ಮುಖವನ್ನೊಮ್ಮೆ ನೋಡಿ, ಏಣಿಯ ಕಡೆ ತಿರುಗಿ ಕೂಗಿದರು: "ಲೇ, ಇಳಿಯೋ. ವೈರ್ ಸುತ್ಕಳ್ಲಾ. ನಾಳೆ ಓಲಗ ಅದೆ."

ತಾಯಮ್ಮ ಒಳಗೆ ಬಂದಿರಲಿಲ್ಲ. ಗಂಡ ಹೋದ ಮೇಲೆ ದೇವಸ್ಥಾನದ ಮೆಟ್ಟಿಲು ಹತ್ತಿರಲಿಲ್ಲವಂತೆ. ಬೀದಿಯಲ್ಲಿ ಅರಳಿಕಟ್ಟೆಗೆ ಒರಗಿಕೊಂಡು ನಿಂತಿದ್ದರು. ನಾವು ಬಸ್ಸಿಗೆ ಹೊರಟಾಗ ನನ್ನ ಕೈ ಹಿಡಿದುಕೊಂಡರು.

"ಇಲ್ಲಿಗಂಟ ಕೇಳ್ತು ಕಣಮ್ಮ" ಅಂದರು. "ನಾಳಿಂದ ಬೆಳಿಗ್ಗೆ ಎದ್ದು ಬತ್ತೀನಿ. ಒಳಿಕ್ಕೇ ಬತ್ತೀನಿ."

ಆ ಡಬ್ಬ ಸೆಲ್ಲು ಬದಲಾಯಿಸಿಕೊಂಡು ನಿಂಗಯ್ಯನವರ ಕಾಲ ಮುಗಿಯುವವರೆಗೂ ನಡೆಯಿತು. ಶ್ರೀಪಾದು ನಡುವೆ ಒಳಗಿನದೆಲ್ಲಾ ಹೊಸದು ಹಾಕಿಕೊಟ್ಟ. ಅರಗಿನ ತಿರುಪು ಮಾತ್ರ ಹಾಗೇ ಬಿಟ್ಟ. ನನಗೆ ಈ ಕೆಲಸದಲ್ಲಿ ಸಿಕ್ಕಿದ್ದನ್ನು ಎಣಿಸಲು ಕೂತರೆ ಮೊದಲು ಆ ಅರಗಿನ ಹನಿಯಿಂದಲೇ ಶುರುಮಾಡುತ್ತೇನೆ. ಮಕ್ಕಳೇ, ನಿಮ್ಮ ಕೈ ಎಷ್ಟೇ ಪಳಗಿರಲಿ, ತಂತಿ ಎಲ್ಲಿಗೆ ಹೋಗಬೇಕು ಅಂತ ಮೊದಲು ಕೇಳಿ. ಉಪ್ಪು ಎಷ್ಟು ಅನ್ನುವುದನ್ನು, ಅದನ್ನು ಉಂಡವರು ಇದ್ದರೆ, ಅವರ ಕೈಗೇ ಬಿಡಿ.

ಮಂಡ್ಯ ತಲುಪಿದಾಗ ರಾತ್ರಿಯಾಗಿತ್ತು. ಅತ್ತೆಯವರು ಬಾಗಿಲಲ್ಲೇ ಕೇಳಿದರು: "ಏನಾಯ್ತೇ?"

"ಉಪ್ಪು ಸರಿಹೋಯ್ತು."

"ಯಾರು ಹಾಕಿದ್ದು?"

"ಆ ಮನೆಯವರೇ."

ಅತ್ತೆಯವರು ತಲೆಯಾಡಿಸಿ, "ಹೋಗು, ಕಾಲು ತೊಳ್ಕೋ. ಕಾಳಿನ ನೀರು ಬದಲಾಯಿಸಿಟ್ಟಿದ್ದೀನಿ" ಅಂದರು. ಅವರೆಕಾಳು ಚೆನ್ನಾಗಿ ನೆನೆದಿತ್ತು, ಮುಟ್ಟಿದರೆ ಸಿಪ್ಪೆ ಬಿಡುತ್ತಿತ್ತು. ಬೆಳಗಿನ ಹುಗ್ಗಿಗೆ ಇನ್ನೂ ಅರ್ಧ ಪಾತ್ರೆ ಬಾಕಿಯಿತ್ತು. ಸೆರಗು ಸಿಕ್ಕಿಸಿ, ಕಾಲು ಚಾಚಿ, ಹಿಸುಕುತ್ತಾ ಕೂತೆ.